ಒಂದೇ ಕಡೆಗೆ ತಿರುಗುವ ಉಂಗುರ

ಸಮುದ್ರದಲ್ಲಿ ಮುಳುಗುವವರಿಗೆಂದು ಮಾಡಿದ ಕೈಗಡಿಯಾರಗಳ ಮುಖದ ಸುತ್ತ ತಿರುಗಿಸಲು ಬರುವ ಒಂದು ಉಂಗುರ ಇರುತ್ತದೆ. ನೀರಿಗಿಳಿಯುವ ಹೊತ್ತಿಗೆ ಅದರ ಗುರುತನ್ನು ನಿಮಿಷದ ಮುಳ್ಳಿನ ಎದುರಿಗೆ ತಂದು ನಿಲ್ಲಿಸಬೇಕು. ಆಮೇಲೆ ಎಷ್ಟು ನಿಮಿಷ ಕಳೆಯಿತು ಎಂಬುದು ಕತ್ತಲ ನೀರಿನಲ್ಲೂ ಕಾಣುತ್ತದೆ. ಬೆನ್ನಿಗೆ ಕಟ್ಟಿಕೊಂಡ ಸಿಲಿಂಡರಿನ ಗಾಳಿ ಇನ್ನೆಷ್ಟು ಹೊತ್ತು ಬಂದೀತು ಎಂಬ ಲೆಕ್ಕ ಅದರಿಂದಲೇ. ಇಂದಿನ ಗಡಿಯಾರಗಳಲ್ಲಿ ಈ ಉಂಗುರ ಎಡಕ್ಕಷ್ಟೇ ತಿರುಗುತ್ತದೆ, ಬಲಕ್ಕೆ ತಿರುಗುವುದಿಲ್ಲ. ಬಂಡೆಗೆ ತಾಗಿ ತಾನಾಗಿ ಸರಿದರೂ, ಕಳೆದ ಹೊತ್ತನ್ನು ಇದ್ದದ್ದಕ್ಕಿಂತ ಹೆಚ್ಚೆಂದು ತೋರಿಸೀತೇ ಹೊರತು ಕಡಿಮೆಯೆಂದು ತೋರಿಸದು. ಹೀಗಾಗಿ ಅದು ತಪ್ಪಿದರೂ ಮುಳುಗಿದವನು ಬೇಗ ಮೇಲೆ ಬರುತ್ತಾನೆ, ಉಸಿರು ಉಳಿಯುತ್ತದೆ.

ಕಮತಗಿಯಂಥ ನೇಕಾರರ ಊರಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಕಡಲು ನಮಗೆ ದೂರ. ಗಾಳಿ ಕಟ್ಟಿಕೊಂಡು ಮುಳುಗುವ ಆಸೆಯಿದ್ದವರು ಮುರ್ಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪ ಮುಟ್ಟಬೇಕು. ಆದರೂ ಈ ಗಡಿಯಾರಗಳು ಊರಿಗೆ ಬಂದಿವೆ. ಬೆಂಗಳೂರಲ್ಲಿ ಕಂಪನಿ ಕೆಲಸಕ್ಕೆ ಸೇರಿದವರು, ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ಹಬ್ಬಕ್ಕೆ ಬಂದಾಗ ಕೈಮೇಲೆ ಅವು ಕಾಣುತ್ತವೆ. ಹೆಸರಾಂತ ಕಂಪನಿಗಳ ಹೊಸದಕ್ಕೆ ಲಕ್ಷಗಟ್ಟಲೆ ಬೆಲೆ, ಆದ್ದರಿಂದ ಕೊಳ್ಳುವುದು ಯಾರೋ ಕಟ್ಟಿ ಬಿಟ್ಟದ್ದನ್ನು. ಎರಡು ವರ್ಷ ಕಟ್ಟಿಕೊಂಡು ಅವರೂ ಇನ್ನೊಬ್ಬರಿಗೆ ಮಾರುತ್ತಾರೆ.

ಇದನ್ನು ನಾನು ಹಳಿಯಲಾರೆ. ಒಳ್ಳೆಯ ಗಡಿಯಾರದ ಆಸೆ ನಮ್ಮ ಸೀಮೆಗೆ ಹೊಸದೇನಲ್ಲ. 1961ರಲ್ಲಿ ಬೆಂಗಳೂರಿನ ಎಚ್‌ಎಂಟಿ ಜಪಾನಿನ ಸಿಟಿಜನ್ ಕಂಪನಿಯ ಜೊತೆಗೂಡಿ ಕೈಗಡಿಯಾರ ಮಾಡತೊಡಗಿದ ಮೇಲೆ, ಮದುವೆಯಲ್ಲಿ ಅಳಿಯನ ಕೈಗೆ ವಾಚು ಕಟ್ಟುವುದು ಬೀಗರ ಮರ್ಯಾದೆಯ ಮಾತಾಗಿತ್ತು. ಅದಕ್ಕೂ ಮೊದಲು ಉಳ್ಳವರ ಮನೆಯ ಪೆಟ್ಟಿಗೆಗಳಲ್ಲಿ ಸ್ವಿಟ್ಜರ್ಲೆಂಡಿನ ಫಾವ್ರ್ ಲೂಬಾ ಕಂಪನಿಯ ಗಡಿಯಾರಗಳು ಇರುತ್ತಿದ್ದವು. ಅವುಗಳ ಹೆಸರು ಸೀ ಕಿಂಗ್, ಸೀ ಚೀಫ್. ಅದೇ ಕಂಪನಿ 1968ರಲ್ಲಿ ನೀರಿನ ಆಳ ಅಳೆಯುವ ಬ್ಯಾಥಿ ಎಂಬ ಗಡಿಯಾರವನ್ನೂ ಮಾಡಿತು. ಮುಳುಗುವವರ ಗಡಿಯಾರದ ಇತಿಹಾಸವೇ ಉದ್ದದ್ದಲ್ಲ. ಬ್ಲಾಂಪಾನಿನ ಫಿಫ್ಟಿ ಫ್ಯಾದಮ್ಸ್, ರೋಲೆಕ್ಸಿನ ಸಬ್‌ಮರೀನರ್ ಎರಡೂ 1953ರವು. ಮೊದಲನೆಯದರ ಹಿಂದೆ ಫ್ರಾನ್ಸಿನ ನೌಕಾಪಡೆಯ ಮುಳುಗುಪಡೆಯವರ ಬೇಡಿಕೆ ಇತ್ತು. ಇಂದು ಮುಳುಗುವವರು ಕೈಗೆ ಕಟ್ಟುವುದು ಸಣ್ಣ ಕಂಪ್ಯೂಟರ್. ಹಳೆಯ ಬಗೆಯ ಗಡಿಯಾರ ಬಹುಮಟ್ಟಿಗೆ ಚೆಂದಕ್ಕೆ, ಅಂತಸ್ತಿಗೆ, ಕುಶಲಕೆಲಸದ ಮೇಲಿನ ಪ್ರೀತಿಗೆ ಉಳಿದಿದೆ. ಆ ಪ್ರೀತಿ ನಿಜವಾದದ್ದು. ಕೈಮಗ್ಗದ ಸೀರೆಯ ಸೆರಗನ್ನು ಬೆರಳಲ್ಲಿ ಮುಟ್ಟಿ ನೋಡುವವರಿಗೆ ಅದು ಅರ್ಥವಾಗುತ್ತದೆ.

ನನ್ನನ್ನು ಯೋಚನೆಗೆ ಹಚ್ಚಿದ್ದು ನಮ್ಮ ಓಣಿಯ ಹುಡುಗನೊಬ್ಬನ ಮಾತು. ತನ್ನ ಕೈಯ ಗಡಿಯಾರ ಮಾರಿ ಬಂದಿದ್ದ, ಒಳ್ಳೆಯ ಲಾಭ ಸಿಕ್ಕಿತ್ತು. ಅದರೊಳಗೆ ಒಮ್ಮೆ ನೀರು ಹೊಕ್ಕಿತ್ತೆಂದು ಅವನಿಗೆ ಗೊತ್ತಿತ್ತು. ಕೊಂಡವರಿಗೆ ಹೇಳಿದೆಯಾ ಎಂದರೆ, “ಕಾಕಾ, ನಾ ಸುಳ್ಳೇನ್ ಹೇಳೀನ್ರೀ? ಅವ್ರು ಕೇಳ್ಲಿಲ್ಲ, ನಾ ಹೇಳ್ಲಿಲ್ಲ” ಅಂದ.

ಡಯಲ್ ಮೇಲೆ, ಇಷ್ಟು ಆಳದವರೆಗೆ ನೀರು ಹೊಗದು ಎಂಬ ಗುರುತಾಗಿ, 300 ಮೀಟರ್ ಎಂದು ಅಚ್ಚಾಗಿರುತ್ತದೆ. ಅದು ಗಡಿಯಾರ ಹೊಸದಿದ್ದ ದಿನದ ಮಾತು. ನೀರನ್ನು ತಡೆಯುವುದು ಉಕ್ಕಿನ ಕವಚದ ಸಂದಿಗಳಲ್ಲಿ ಕೂತ ತೆಳುವಾದ ರಬ್ಬರ್ ಬಳೆ, ಗ್ಯಾಸ್ಕೆಟ್. ಬೆವರಿಗೆ, ಬಿಸಿಲಿಗೆ, ವಯಸ್ಸಿಗೆ ರಬ್ಬರು ಗಡುಸಾಗಿ ಹಿಡಿತ ಬಿಡುತ್ತದೆ. ಅಚ್ಚಾದ ಅಂಕಿ ಮಾತ್ರ ಮಾಸುವುದಿಲ್ಲ. ಹೊರಗಿನಿಂದ ನೋಡಿ ಗ್ಯಾಸ್ಕೆಟ್ ಸತ್ತಿದೆಯೋ ಬದುಕಿದೆಯೋ ಯಾರೂ ಹೇಳಲಾರರು, ಒತ್ತಡದ ಯಂತ್ರದಲ್ಲಿಟ್ಟೇ ತಿಳಿಯಬೇಕು. ಉಳಿದ ದೋಷಗಳೂ ಹೀಗೆಯೇ ಸುಲಭಕ್ಕೆ ಕಾಣದವು. ಡಯಲ್ ಬದಲಾಗಿರಬಹುದು, ಒಳಗಿನ ಮಷಿನ್ ಮೂರು ಗಡಿಯಾರಗಳ ಬಿಡಿಭಾಗ ಕೂಡಿಸಿ ಮಾಡಿದ್ದಿರಬಹುದು. ಗೀರು ಕಾಣದಂತೆ ಪಾಲಿಶ್ ಹೊಡೆದು ಹೊಡೆದು ಕವಚದ ಅಂಚು ಸವೆದಿರಬಹುದು. ಬಲ್ಲವರ ನಡುವೆ ಪಾಲಿಶ್ ಕಾಣದ, ಗೀರು ಬಿದ್ದ ಗಡಿಯಾರಕ್ಕೇ ಹೆಚ್ಚು ಬೆಲೆ. ಹೊಳೆಯುವುದಕ್ಕೆ ಮರುಳಾಗುವವರು ಹೊಸಬರು, ಮೋಸಹೋಗುವವರೂ ಅವರೇ. ನಮ್ಮ ಎಚ್‌ಎಂಟಿಗೂ ಈ ಗತಿ ಬಂತು. ಅದರ ಗಡಿಯಾರ ವಿಭಾಗ ಮುಚ್ಚುವ ತೀರ್ಮಾನವನ್ನು ಕೇಂದ್ರ ಸರ್ಕಾರ 2016ರಲ್ಲಿ ಮಾಡಿತು. ಹಳೆಯವಕ್ಕೆ ಬೇಡಿಕೆ ಏರಿದ್ದೇ ತಡ, ಹಳೇ ಮಷಿನ್‌ಗೆ ಬಣ್ಣಬಣ್ಣದ ಹೊಸ ಡಯಲ್ ಬರೆಸಿ ಅಸಲಿ ಎಂದು ಮಾರುವವರು ಹುಟ್ಟಿಕೊಂಡರು.

ಕೇಳಲಿಲ್ಲ, ಹೇಳಲಿಲ್ಲ ಎಂಬ ಸಮರ್ಥನೆಗೆ ಕಾನೂನಿನ ಆಸರೆಯೂ ಇದೆ. 1872ರ ಕರಾರು ಕಾಯ್ದೆಯ 17ನೆಯ ಕಲಮು ಬರೀ ಸುಮ್ಮನಿರುವುದು ವಂಚನೆಯಲ್ಲ ಎನ್ನುತ್ತದೆ. ಅದಕ್ಕೆ ಕಾಯ್ದೆಯೇ ಕೊಟ್ಟಿರುವ ಉದಾಹರಣೆ ಕುದುರೆಯದು. ಒಬ್ಬ ರೋಗದ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ, ರೋಗದ ಮಾತು ಎತ್ತುವುದಿಲ್ಲ. ಅದು ವಂಚನೆಯಲ್ಲ. ಆದರೆ ಕಾಯ್ದೆ ಅಲ್ಲಿಗೆ ನಿಲ್ಲದೆ ಮುಂದೆ ಹೋಗುತ್ತದೆ. ಕೊಳ್ಳುವವಳು ಅವನ ಮಗಳೇ ಆಗಿ, ಈಗಷ್ಟೇ ಪ್ರಾಯಕ್ಕೆ ಬಂದವಳಾಗಿದ್ದರೆ, ಕುದುರೆಯ ರೋಗ ಹೇಳುವುದು ಅವನ ಕರ್ತವ್ಯ. ಕೊಳ್ಳುವವನು ‘ನೀನು ಅಲ್ಲ ಎನ್ನದಿದ್ದರೆ ಕುದುರೆ ಚೆನ್ನಾಗಿದೆ ಅಂತಲೇ ತಿಳಿಯುತ್ತೇನೆ’ ಎಂದ ಮೇಲೂ ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ. ಇನ್ನು ಬಲ್ಲ ದೋಷವನ್ನು ಬೇಕೆಂದೇ ಮರೆಮಾಚಿದರೆ ಅದು ನೇರ ವಂಚನೆ.

ಈ ಮೂರು ಕುದುರೆಗಳ ಕುರಿತು ನಾನು ಬಹಳ ಯೋಚಿಸಿದ್ದೇನೆ. ಮಗಳಿಗೆ ಹೇಳಬೇಕಾದದ್ದನ್ನು ಪರರಿಗೆ ಹೇಳಬೇಕಿಲ್ಲ ಎಂಬುದು ನ್ಯಾಯಾಲಯಕ್ಕೆ ಅನುಕೂಲದ ಗೆರೆ. ಎಲ್ಲೋ ಒಂದು ಕಡೆ ಅದು ಗೆರೆ ಎಳೆಯಲೇಬೇಕು. ಮನುಷ್ಯ ಆ ಗೆರೆಯ ಮೇಲೇ ಬದುಕಬೇಕೆಂದು ಯಾರೂ ಹೇಳಿಲ್ಲ. ಕುದುರೆಯ ರೋಗ ಇಬ್ಬರಿಗೂ ಒಂದೇ ರೋಗ. ಹಳೇ ಗಡಿಯಾರ ಕೊಳ್ಳಲು ಬಂದವನು ಮಾರುವವನ ಮುಖ ನೋಡಿ ದುಡ್ಡು ಕೊಡುತ್ತಾನೆ. ಒಳಗನ್ನು ಬಲ್ಲವನು ಎದುರಿನವನೊಬ್ಬನೇ ಎಂಬುದು ಅವನಿಗೂ ಗೊತ್ತು. ಇಂಥ ವ್ಯವಹಾರದಲ್ಲಿ ಕೊಳ್ಳುವವನ ಪ್ರತಿ ನೋಟವೂ ‘ಅಲ್ಲ ಎನ್ನದಿದ್ದರೆ ಸರಿ ಅಂತಲೇ ತಿಳಿಯುತ್ತೇನೆ’ ಎಂಬ ಪ್ರಶ್ನೆಯೇ.

ನಮ್ಮ ಊರಿಗೆ ಇದು ತಿಳಿಯದ್ದಲ್ಲ. ಇಳಕಲ್ ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿಯಿಂದ ಎಳೆಎಳೆಯಾಗಿ ಸೇರಿಸುತ್ತಾರೆ. ಆ ಕೊಂಡಿ ಎಷ್ಟು ಗಟ್ಟಿ ಎಂಬುದು ಸೇರಿಸಿದ ಕೈಗೇ ಗೊತ್ತು, ಉಟ್ಟವಳಿಗೆ ತಿಳಿಯುವುದು ಹತ್ತು ಸಲ ಒಗೆದ ಮೇಲೆ. ವಿದ್ಯುತ್ ಮಗ್ಗದ ಸೀರೆಯನ್ನು ಕೈಮಗ್ಗದ್ದೆಂದೂ ಕೃತಕ ರೇಷ್ಮೆಯನ್ನು ಅಸಲಿಯೆಂದೂ ಮಾರುವ ಅಂಗಡಿಕಾರರಿಂದ ಪೆಟ್ಟು ತಿಂದವರು ನಾವೇ. ಮೋಸ ಹೋದ ಹೆಣ್ಣುಮಗಳು ಮುಂದಿನ ಸಲ ನಿಜವಾದ ನೇಕಾರನನ್ನೂ ನಂಬುವುದಿಲ್ಲ. ನಂಬಿಕೆ ಹೋಗುವುದು ತಪ್ಪು ಮಾಡಿದ ಒಬ್ಬನದಲ್ಲ, ಇಡೀ ಪೇಟೆಯದು.

ಗಡಿಯಾರ ಎಲ್ಲಿಂದ ಬಂತು ಎಂಬ ಪ್ರಶ್ನೆ ಇನ್ನೂ ಕಠಿಣವಾದದ್ದು. 2016ರಲ್ಲಿ, ಮುಂದೆ ನಮ್ಮ ಬಾದಾಮಿಯಿಂದ ಶಾಸಕರಾದ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಹ್ಯೂಬ್ಲೋ ಕೈಗಡಿಯಾರದ ಬಗ್ಗೆ ನಾಡಿನಲ್ಲೆಲ್ಲ ಗದ್ದಲವಾಯಿತು. ಸ್ನೇಹಿತರು ಕೊಟ್ಟದ್ದೆಂದು ಅವರು ಹೇಳಿದರು. ಕೊನೆಗೆ ಅದನ್ನು ವಿಧಾನಸಭಾಧ್ಯಕ್ಷ ಕಾಗೋಡು ತಿಮ್ಮಪ್ಪ ಅವರಿಗೆ ಒಪ್ಪಿಸಿ ಸರ್ಕಾರದ ಸ್ವತ್ತಾಗಿಸಿದರು. ನಾಡಿನ ದೊರೆಗೆ ಕೇಳಿದ ಪ್ರಶ್ನೆಯನ್ನು ನಮಗೆ ನಾವೂ ಕೇಳಿಕೊಳ್ಳಬೇಕು. ರಸೀದಿಯಿಲ್ಲದೆ, ಪೆಟ್ಟಿಗೆಯಿಲ್ಲದೆ ಅಗ್ಗಕ್ಕೆ ಬಂದ ಗಡಿಯಾರ ಯಾರದೋ ಮನೆಯಿಂದ ಕಳುವಾದದ್ದಿರಬಹುದು. ಮಾರುವವನಿಗೇ ಇಲ್ಲದ ಒಡೆತನ ಕೊಳ್ಳುವವನಿಗೆ ಬರುವುದಿಲ್ಲ ಎಂಬುದು 1930ರ ಸರಕು ಮಾರಾಟ ಕಾಯ್ದೆಯ ಮೂಲ ನಿಯಮ.

ಕೊಳ್ಳುವವರ ಮೌನವನ್ನೂ ಹೇಳದೆ ಬಿಡಲಾರೆ. ಗಂಡ ತೀರಿದ ಮೇಲೆ ಪೆಟ್ಟಿಗೆ ತೆಗೆದು, ಅವರ ಹಳೇ ಸ್ವಿಸ್ ಗಡಿಯಾರವನ್ನು ಅದರ ಬೆಲೆ ತಿಳಿಯದೆ ಮಾರುವ ಅವ್ವಂದಿರು ಇದ್ದಾರೆ. ಆಸ್ಪತ್ರೆಯ ಬಿಲ್ಲಿಗೆಂದು ರಾತ್ರೋರಾತ್ರಿ ಮಾರುವವರಿದ್ದಾರೆ. ಬೆಲೆ ಗೊತ್ತಿದ್ದೂ ಬಾಯಿ ಬಿಡದೆ ನೂರಿನ್ನೂರು ಎಣಿಸಿ ಕೊಟ್ಟು ಬರುವವನನ್ನು ಯಾವ ಕಲಮೂ ಹಿಡಿಯುವುದಿಲ್ಲ. ವ್ಯಾಪಾರದಲ್ಲಿ ಜಾಣತನಕ್ಕೆ ಜಾಗವಿದೆ ಎನ್ನುವವರ ಮಾತನ್ನು ನಾನು ಒಂದು ಮಟ್ಟಕ್ಕೆ ಒಪ್ಪುತ್ತೇನೆ. ಸಮಬಲರ ನಡುವೆ ಚೌಕಾಸಿ ನಡೆಯಲಿ. ಕಷ್ಟದಲ್ಲಿದ್ದವಳ ಅರಿವಿನ ಕೊರತೆಯ ಮೇಲೆ ಗಳಿಸಿದ್ದನ್ನು ಜಾಣತನ ಎನ್ನಲು ನನ್ನ ಮನಸ್ಸು ಒಪ್ಪದು.

ಲಾಭಕ್ಕೆಂದೇ ಕೊಳ್ಳುವವರಿಗೆ ಹೇಳಬೇಕಾದದ್ದು ಕಡಿಮೆ. 2022ರ ಮೊದಲ ತಿಂಗಳುಗಳಲ್ಲಿ ಇಂಥ ಗಡಿಯಾರಗಳ ಮರುಮಾರಾಟದ ಬೆಲೆ ಜಗತ್ತಿನಾದ್ಯಂತ ಗಗನಕ್ಕೇರಿ ಆಮೇಲೆ ಕುಸಿಯಿತು. ಸಾಲ ಮಾಡಿ ಕೊಂಡವರು ಪಾಠ ಕಲಿತರು. ಆ ವರ್ಷದ ಡಿಸೆಂಬರಿನಲ್ಲಿ ರೋಲೆಕ್ಸ್ ಕಂಪನಿ ತಾನೇ ಹಳೆಯವನ್ನು ಪರೀಕ್ಷಿಸಿ, ಎರಡು ವರ್ಷದ ಖಾತರಿ ಕೊಟ್ಟು ಮಾರುವ ಏರ್ಪಾಡು ಮಾಡಿತು. ಕೊಳ್ಳುವವರು ಹೆಚ್ಚು ತೆತ್ತರೂ ಆ ಖಾತರಿಯನ್ನೇ ಬಯಸುತ್ತಾರೆ.

ಹಾಗಾಗಿ ಕೈಗಡಿಯಾರ ಮಾರುವ ತಮ್ಮಂದಿರಲ್ಲಿ ನನ್ನದೊಂದು ಬೇಡಿಕೆ. ಬೆಲೆ ಹೇಳುವ ಮೊದಲು ಒಂದು ಹಾಳೆಯ ಮೇಲೆ ಬರೆಯಿರಿ: ಯಾರಿಂದ ಕೊಂಡದ್ದು, ಯಾವ ಭಾಗ ಬದಲಿಸಿದ್ದು, ಕೊನೆಯ ಸರ್ವಿಸ್ ಯಾವಾಗ, ಗ್ಯಾಸ್ಕೆಟ್ ಹಾಕಿಸಿ ಎಷ್ಟು ದಿನವಾಯಿತು, ನೀರು ಹೊಕ್ಕಿತ್ತೇ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯಿರಿ. ಅನುಮಾನವಿದ್ದಲ್ಲಿ ಆ ಉಂಗುರದ ಹಾಗೆ ನಿಮಗೆ ನಷ್ಟವಾಗುವ ಕಡೆಗೇ ತಿರುಗಿ, ಕೆಳಗೆ ಸಹಿ ಹಾಕಿ ಕೊಡಿ. ಕೊಳ್ಳುವವರೇ, ಆ ಹಾಳೆ ಕೇಳಿ ಪಡೆಯಿರಿ, ಕೊಡದವರಿಂದ ಕೊಳ್ಳಬೇಡಿ. ನೇತ್ರಾಣಿಗೇ ಹೋಗುವಿರಾದರೆ, ಡಯಲ್ ಮೇಲಿನ ಅಂಕಿ ನಂಬದೆ ಒತ್ತಡದ ಪರೀಕ್ಷೆ ಮಾಡಿಸಿಕೊಂಡೇ ನೀರಿಗಿಳಿಯಿರಿ.