ಬೆಟ್ಟದ ಯಾತ್ರೆಯಲ್ಲಿ ಅನ್ನಪಾನ: ಎಲ್ಲಿ, ಯಾವಾಗ, ಯಾರೊಡನೆ?

ತೀರ್ಥಯಾತ್ರೆಗೆ ಹೊರಡುವ ಶ್ರಾವಕನು ದರ್ಶನ ಪೂಜೆಗಳ ವಿಚಾರವನ್ನು ಎಷ್ಟು ಚಿಂತಿಸುತ್ತಾನೋ ಅಷ್ಟನ್ನೇ ಅನ್ನಪಾನದ ವಿಚಾರದಲ್ಲಿಯೂ ಚಿಂತಿಸಬೇಕಾಗುತ್ತದೆ. ಮನೆಯಲ್ಲಿ ವ್ರತಪಾಲನೆ ಸುಲಭ. ನೀರು ಗಾಳಿಸುವ ಬಟ್ಟೆ ಅಲ್ಲಿಯೇ ಇರುತ್ತದೆ. ಧಾನ್ಯವನ್ನು ಹಸನು ಮಾಡಿದವರು ಮನೆಯವರೇ ಆಗಿರುತ್ತಾರೆ. ಸೂರ್ಯಾಸ್ತಕ್ಕೆ ಮುನ್ನ ಒಲೆ ಆರುತ್ತದೆ. ದಾರಿಗೆ ಬಿದ್ದವನಿಗೆ ಇವುಗಳಲ್ಲಿ ಒಂದೂ ಕೈವಶದಲ್ಲಿರುವುದಿಲ್ಲ. ಬೆಟ್ಟವನ್ನು ಏರುವ ಯಾತ್ರೆಯಲ್ಲಂತೂ ದೇಹಶ್ರಮದಿಂದ ಹಸಿವು ಬಾಯಾರಿಕೆಗಳು ಇಮ್ಮಡಿಸುತ್ತವೆ. ಆಗ ಎಲ್ಲಿ ಉಣ್ಣಬೇಕು, ಏನನ್ನು ಕುಡಿಯಬೇಕು ಎಂಬುದು ಕೇವಲ ಅನುಕೂಲದ ಪ್ರಶ್ನೆಯಾಗಿ ಉಳಿಯದೆ ಧರ್ಮದ ಪ್ರಶ್ನೆಯಾಗುತ್ತದೆ.

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣಗಳ ಜೈನ ಕುಟುಂಬಗಳಿಗೆ ಶ್ರವಣಬೆಳಗೊಳವು ಒಂದೇ ದಿನದಲ್ಲಿ ಹೋಗಿ ಮರಳಬಹುದಾದ ಕ್ಷೇತ್ರ. ವಿಂಧ್ಯಗಿರಿಯ ಬಂಡೆಯಲ್ಲಿ ಕಡೆದ ಆರುನೂರಕ್ಕೂ ಮೀರಿದ ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಏರಿ, ಚಾವುಂಡರಾಯನು ಹತ್ತನೆಯ ಶತಮಾನದ ಕೊನೆಯಲ್ಲಿ ನಿಲ್ಲಿಸಿದ ಬಾಹುಬಲಿಯನ್ನು ಕಂಡು, ಎದುರಿನ ಚಂದ್ರಗಿರಿಯ ಬಸದಿಗಳನ್ನೂ ವಂದಿಸಿ ಇಳಿಯುವ ಹೊತ್ತಿಗೆ ಅರ್ಧ ದಿನ ಕಳೆದಿರುತ್ತದೆ. ಏಕಾಶನದ ವ್ರತವಿರುವವರು ಇಳಿದ ಬಳಿಕವೇ ಉಣ್ಣಬೇಕು. ಉಪವಾಸವಿದ್ದವರಿಗೆ ಅಂದು ಅನ್ನ, ಪಾನ, ಖಾದ್ಯ, ಲೇಹ್ಯ ನಾಲ್ಕೂ ಇಲ್ಲ.

ಬೆಟ್ಟದ ಮೇಲೆಯೇ ಉಣ್ಣಬಾರದೇಕೆ ಎಂದು ಕೆಲವರು ಕೇಳುವುದುಂಟು. ಇದಕ್ಕೆ ಉತ್ತರವನ್ನು ಚಂದ್ರಗಿರಿಯ ಶಿಲೆಗಳೇ ಕೊಡುತ್ತವೆ. ಕಟವಪ್ರವೆಂಬ ಹೆಸರಿನಿಂದ ಶಾಸನಗಳಲ್ಲಿ ಕಾಣುವ ಆ ಚಿಕ್ಕ ಬೆಟ್ಟದಲ್ಲಿ ಸುಮಾರು ಕ್ರಿ.ಶ. 600ರ ಶಾಸನದಿಂದ ಮೊದಲ್ಗೊಂಡು ಎಷ್ಟೋ ಬರಹಗಳು, ಆಹಾರವನ್ನು ಕ್ರಮಕ್ರಮವಾಗಿ ತ್ಯಜಿಸಿ ಸಮಾಧಿಯನ್ನು ಪಡೆದ ಮುನಿಗಳನ್ನೂ ಆರ್ಯಿಕೆಯರನ್ನೂ ಶ್ರಾವಕ ಶ್ರಾವಿಕೆಯರನ್ನೂ ಸ್ಮರಿಸುತ್ತವೆ. ಅನ್ನವನ್ನು ಬಿಡುವುದಕ್ಕೆಂದು ಜನರು ಏರಿದ ಬೆಟ್ಟವದು. ಅಲ್ಲಿ ತಿಂಡಿಯ ಪೊಟ್ಟಣವನ್ನು ಬಿಚ್ಚುವುದಕ್ಕೆ ಯಾರ ನಿಷೇಧವೂ ಬೇಕಿಲ್ಲ, ನೆನಪು ಸಾಕು.

ಆದರೆ ನೀರಿನ ವಿಚಾರ ಹಾಗಲ್ಲ. ವೃದ್ಧರಿಗೂ ರೋಗಿಗಳಿಗೂ ಮಕ್ಕಳಿಗೂ ನಡುದಾರಿಯಲ್ಲಿ ನೀರು ಬೇಕಾಗಬಹುದು. ಅಂಗಡಿಯ ಬಾಟಲಿಯ ನೀರು ಯಂತ್ರದಲ್ಲಿ ಶುದ್ಧವಾದುದಲ್ಲವೇ, ಅದಕ್ಕಿಂತ ಗಾಳಿಸಿದ ನೀರು ಹೇಗೆ ಮೇಲು ಎಂದು ಈಗಿನ ತರುಣರು ಕೇಳುತ್ತಾರೆ. ಪ್ರಶ್ನೆ ಯೋಗ್ಯವಾದುದೇ. ಯಂತ್ರವು ಕುಡಿಯುವವನ ಆರೋಗ್ಯವನ್ನು ನೋಡುತ್ತದೆ. ಇಮ್ಮಡಿ ಮಡಿಸಿದ ಬಟ್ಟೆಯಲ್ಲಿ ನೀರನ್ನು ಗಾಳಿಸುವ ಶ್ರಾವಕನಾದರೋ, ಬಟ್ಟೆಯಲ್ಲಿ ಉಳಿದ ಜೀವರಾಶಿಯನ್ನು ಅದೇ ನೀರಿನಿಂದ ತೊಳೆದು, ಎಲ್ಲಿಂದ ಸೇದಿದನೋ ಅಲ್ಲಿಗೇ ಮೆಲ್ಲನೆ ಮರಳಿಸುತ್ತಾನೆ. ಕುಡಿಯುವವನ ರಕ್ಷಣೆಯ ಜೊತೆಗೆ ನೀರಿನಲ್ಲಿರುವ ಜೀವಗಳ ರಕ್ಷಣೆಯೂ ಆ ಕ್ರಿಯೆಯ ಉದ್ದೇಶ. ಗಾಳಿಸಿದ ನೀರಿನ ಅವಧಿ ಒಂದು ಮುಹೂರ್ತ, ಅಂದರೆ 48 ನಿಮಿಷ. ಚೆನ್ನಾಗಿ ಕುದಿಸಿದ ನೀರಿಗೆ ಎಂಟು ಪ್ರಹರ, ಅಂದರೆ ಒಂದು ಅಹೋರಾತ್ರಿ. ಆದುದರಿಂದ ವ್ರತಿಗಳು ಬೆಳಗ್ಗೆ ಕುದಿಸಿದ ನೀರನ್ನು ಪಾತ್ರೆಯಲ್ಲಿ ಒಯ್ಯುವುದೇ ಪ್ರಶಸ್ತ. ಪಾತ್ರೆ ಮನೆಗೆ ಮರಳುತ್ತದೆ. ಬಾಟಲಿಯು ಹಲವು ವೇಳೆ ಬೆಟ್ಟದ ಬಂಡೆಯ ಸಂದಿನಲ್ಲಿ ಉಳಿಯುತ್ತದೆ.

ದೂರದ ಹಿಮಗಿರಿಗಳಿಗೆ ವಿಹಾರಕ್ಕೆ ಹೋಗುವವರಿಗೂ ಈ ಮಾತು ಅನ್ವಯಿಸುತ್ತದೆ. ಇಂದು ನಮ್ಮ ಕುಟುಂಬಗಳ ತರುಣರು ಗುಲ್ಮಾರ್ಗ್, ಔಲಿಗಳಿಗೆ ಹೋಗಿ ಹಿಮದ ಮೇಲೆ ಸ್ಕೀ ಹಲಗೆಗಳಲ್ಲಿ ಜಾರುವ ಆಟವನ್ನು ಆಡಿ ಬರುವುದುಂಟು. ಅಲ್ಲಿ ಶುದ್ಧ ಸಸ್ಯಾಹಾರದ ಹೋಟೆಲು ಎಲ್ಲಿದೆ ಎಂದು ಹುಡುಕುವುದು ಅವರ ಮೊದಲ ಕೆಲಸವಾಗುತ್ತದೆ. ಹುಡುಕುವುದು ತಪ್ಪಲ್ಲ. ಆದರೆ ಮಂಜನ್ನೂ ಹಿಮವನ್ನೂ ಶಾಸ್ತ್ರವು ಅಪ್ಕಾಯಿಕ ಜೀವಗಳಲ್ಲಿ ಎಣಿಸಿದೆ ಎಂಬುದನ್ನು ನೆನೆದರೆ, ಹೋಟೆಲಿನ ಫಲಕವೊಂದರಿಂದಲೇ ವ್ರತ ಮುಗಿಯುವುದಿಲ್ಲವೆಂಬುದು ತಾನಾಗಿ ಹೊಳೆಯುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ಹೇಳುವಾಗ, ಜೀವಾವಧಿಯ ತ್ಯಾಗವನ್ನು ಯಮವೆಂದೂ ಕಾಲಮಿತಿಯುಳ್ಳುದನ್ನು ನಿಯಮವೆಂದೂ ವಿಂಗಡಿಸಿದ್ದಾರೆ. ಊಟ, ವಾಹನ, ಶಯನ, ಸ್ನಾನ ಮೊದಲಾದವುಗಳಿಗೆ ಒಂದು ದಿನಕ್ಕೋ ಪಕ್ಷಕ್ಕೋ ಮಾಸಕ್ಕೋ ಮಿತಿಯನ್ನು ಹಾಕಿಕೊಳ್ಳಬಹುದು. ಪ್ರವಾಸಿಗೆ ಇದಕ್ಕಿಂತ ಸುಲಭವಾದ ದಾರಿಯಿಲ್ಲ. ಹೊರಡುವ ಮುನ್ನವೇ ಇಂತಿಷ್ಟು ಪದಾರ್ಥ, ಇಂತಿಷ್ಟು ಬಾರಿ ಎಂದು ನಿಶ್ಚಯಿಸಿಕೊಂಡವನು ಹೊಸ ಊರಿನಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆಯುವುದಿಲ್ಲ. ಹಾಸನ ಜಿಲ್ಲೆಯು ಆಲೂಗಡ್ಡೆಯ ಬೆಳೆಗೆ ಹೆಸರಾದುದು. ದೋಸೆಯ ಪಲ್ಯದಲ್ಲಿ, ಸಾಗುವಿನಲ್ಲಿ, ಬೋಂಡದಲ್ಲಿ ಅದು ಇದ್ದೇ ಇರುತ್ತದೆ. ಕಂದಮೂಲವನ್ನು ತ್ಯಜಿಸಿದವನು ಮಾಣಿಯ ಮೇಲೆ ಕೋಪಿಸಿಕೊಳ್ಳದೆ, ಪಲ್ಯವಿಲ್ಲದ ದೋಸೆಯನ್ನೋ ಬರಿಯ ಬಾಳೆಹಣ್ಣನ್ನೋ ಕೇಳಿ ಪಡೆದರಾಯಿತು. ಕೋಪದಿಂದ ಉಳಿಸಿಕೊಂಡ ವ್ರತಕ್ಕೆ ಕಷಾಯದ ಕಲೆ ಹತ್ತುತ್ತದೆ.

ಇಷ್ಟರವರೆಗಿನ ಮಾತು ವ್ರತಿಯ ತಟ್ಟೆಯದು. ಅದಕ್ಕಿಂತ ಗಹನವಾದ ಇನ್ನೊಂದು ಮಾತಿದೆ.

ಅರಕಲಗೂಡಿನಿಂದ ಬಾಡಿಗೆಯ ಕಾರಿನಲ್ಲಿ ಹೊರಟ ಒಂದು ಕುಟುಂಬವನ್ನು ಊಹಿಸಿಕೊಳ್ಳಬಹುದು. ಮಾರ್ಗಶಿರ ಮಾಸ; ಸೂರ್ಯನು ಸಂಜೆ 6 ಗಂಟೆಯ ಆಸುಪಾಸಿನಲ್ಲಿ ಮುಳುಗುತ್ತಾನೆ. ಎರಡು ಘಳಿಗೆ ಮೊದಲೇ ಊಟ ಮುಗಿಯಬೇಕಾದುದರಿಂದ ಮನೆಯವರು ತಂದ ಬುತ್ತಿಯನ್ನು ಚಲಿಸುವ ಕಾರಿನಲ್ಲಿಯೇ ಹಂಚಿಕೊಂಡು ಉಣ್ಣುತ್ತಾರೆ. ಚಾಲಕನು ಬೆಳಗಿನಿಂದ ಒಂದು ಲೋಟ ಚಹಾದ ಮೇಲಿದ್ದಾನೆ. ಅವನಿಗೆ ಭತ್ಯ ಕೊಟ್ಟಿದೆ, ಊರು ಸೇರಿದ ಮೇಲೆ ಉಣ್ಣಲಿ ಎಂಬುದು ಅವರ ಭಾವನೆ. ಅದೇ ದಿನ ಕುಟುಂಬದ ಹಿರಿಯರು ಉಪವಾಸದಲ್ಲಿದ್ದು ಡೋಲಿಯಲ್ಲಿ ಕುಳಿತು ಬೆಟ್ಟವನ್ನು ಏರಿರುತ್ತಾರೆ. ಹೊತ್ತವರು ಬೆವರಿನಲ್ಲಿ ತೊಯ್ದಿರುತ್ತಾರೆ. ಅವರು ನೀರು ಕುಡಿದರೇ ಎಂದು ಯಾರೂ ಕೇಳಿರುವುದಿಲ್ಲ. ವ್ರತಭಂಗವಾಗಲಿಲ್ಲವೆಂಬ ಸಮಾಧಾನದಿಂದ ಎಲ್ಲರೂ ಮನೆ ಸೇರುತ್ತಾರೆ.

ನಿಜಕ್ಕೂ ವ್ರತಭಂಗವಾಗಲಿಲ್ಲವೇ? ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಮೊದಲ ಮೂರನ್ನು ಕೇಳಿ ಶ್ರಾವಕನು ತನಗೆ ಸಂಬಂಧವಿಲ್ಲವೆಂದು ದಾಟಿಹೋಗುತ್ತಾನೆ. ಉಳಿದ ಎರಡು ಅವನ ಮುಂದೆಯೇ ನಿಂತಿವೆ. ಮಿತಿಮೀರಿ ಭಾರ ಹೊರಿಸುವುದು, ವೇಳೆಗೆ ಅನ್ನನೀರು ಸಿಗದಂತೆ ಮಾಡುವುದು, ಇವು ಗಾಡಿಯ ಎತ್ತಿಗೆ ಮಾತ್ರ ಅನ್ವಯಿಸುವ ಮಾತುಗಳಲ್ಲ. ಅಧೀನದಲ್ಲಿ ದುಡಿಯುವ ಪ್ರತಿಯೊಂದು ಜೀವಕ್ಕೂ ಅನ್ವಯಿಸುತ್ತವೆ. ರಾತ್ರಿಭೋಜನತ್ಯಾಗವು ಅಹಿಂಸೆಯ ರಕ್ಷಣೆಗೆಂದು ಇರುವ ಬೇಲಿ. ಬೇಲಿಯನ್ನು ಕಾಯುವ ಭರದಲ್ಲಿ ಒಳಗಿನ ಪೈರನ್ನೇ ತುಳಿದರೆ ಫಲವೇನು?

ಇಲ್ಲಿ ಒಂದು ಆಕ್ಷೇಪವು ಬರುತ್ತದೆ. ಚಾಲಕನು ರಾತ್ರಿಯಲ್ಲಿ ಉಣ್ಣುವವನು, ಈರುಳ್ಳಿ ಆಲೂಗಡ್ಡೆ ತಿನ್ನುವವನು; ಅವನ ಊಟಕ್ಕೆ ಹಣ ಕೊಟ್ಟರೆ ಕಾರಿತ ಅನುಮೋದನೆಗಳ ದೋಷ ತಗಲದೇ? ಈ ಅಳುಕು ಪ್ರಾಮಾಣಿಕವಾದುದೇ. ಆದರೆ ಅನುಮತಿತ್ಯಾಗವು ಹತ್ತನೆಯ ಪ್ರತಿಮೆಯಲ್ಲಿ ಬರುವ ನಿಯಮ. ಕೆಳಗಿನ ಮೆಟ್ಟಿಲಲ್ಲಿ ನಿಂತ ಗೃಹಸ್ಥನು ಮೇಲಿನ ಮೆಟ್ಟಿಲಿನ ನಿಯಮವನ್ನು ಇನ್ನೊಬ್ಬನ ಹೊಟ್ಟೆಯ ಮೇಲೆ ಪ್ರಯೋಗಿಸುವುದು ಉಚಿತವಲ್ಲ. ದುಡಿದವನ ಕೂಲಿಯನ್ನೂ ಬಿಡುವನ್ನೂ ಕೊಡುವುದು ನ್ಯಾಯ. ಅವನು ಅದರಲ್ಲಿ ಏನುಣ್ಣುತ್ತಾನೆಂಬುದು ಅವನ ಆಯ್ಕೆ. ಅದಕ್ಕೂ ಮೇಲಾದ ದಾರಿಯೊಂದಿದೆ. ಹಗಲಿರುವಾಗಲೇ ಕಾರನ್ನು ನಿಲ್ಲಿಸಿ, ಬುತ್ತಿಯಲ್ಲಿ ಅವನಿಗೂ ಒಂದು ಪಾಲಿಟ್ಟು, ಕ್ಷೇತ್ರದ ಭೋಜನಶಾಲೆಯಾದರೆ ಅದೇ ಪಂಕ್ತಿಯಲ್ಲಿ ಅವನನ್ನೂ ಕೂರಿಸಿ, ಒಟ್ಟಿಗೆ ಉಣ್ಣುವುದು. ಆಗ ಆಕ್ಷೇಪಕ್ಕೂ ಎಡೆಯಿಲ್ಲ, ಹಸಿವಿಗೂ ಎಡೆಯಿಲ್ಲ.

ಈ ವಿವೇಕವು ಸಮಾಜದ ದೊಡ್ಡ ವಿಚಾರಗಳಲ್ಲಿಯೂ ಬೇಕು. ಝಾರ್ಖಂಡದ ಸಮ್ಮೇದಶಿಖರವು ಪ್ರವಾಸೋದ್ಯಮದ ತಾಣವಾಗಿಬಿಡುವುದೆಂಬ ಆತಂಕದಿಂದ ದೇಶದ ಜೈನರು ಪ್ರತಿಭಟಿಸಿದಾಗ, ಕೇಂದ್ರ ಸರ್ಕಾರವು 2023ರ ಜನವರಿ 5ರಂದು ಅಲ್ಲಿನ ಪ್ರವಾಸೋದ್ಯಮದ ಚಟುವಟಿಕೆಗಳಿಗೆ ತಡೆಯನ್ನು ಕೊಟ್ಟು, ಪರ್ವತದಲ್ಲಿ ಮದ್ಯಮಾಂಸಗಳ ಮಾರಾಟ ಸೇವನೆಗಳ ನಿಷೇಧವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂದು ಸೂಚಿಸಿತು. ಅದು ಯೋಗ್ಯವಾದ ಕೋರಿಕೆಯೇ ಆಗಿತ್ತು. ಆ ಪರ್ವತವನ್ನು ಮರಾಂಗ್ ಬುರು ಎಂದು ಪೂಜಿಸುವ ಸಂತಾಲ ಜನರೂ ಅಲ್ಲಿದ್ದಾರೆ, ಯಾತ್ರಿಕರ ಡೋಲಿಯನ್ನು ಹೊರುವ ಬಡವರೂ ಇದ್ದಾರೆ. ಪರರ ಸಂಯಮವನ್ನು ಕೇಳುವ ಸಮಾಜವು ಅವರ ಹಸಿವನ್ನೂ ಕೇಳಿದಾಗ ಆ ಕೋರಿಕೆಗೆ ಬಲ ಬರುತ್ತದೆ.

ವಿಂಧ್ಯಗಿರಿಯಲ್ಲಿ ಬಾಹುಬಲಿಯ ಪ್ರಾಕಾರದ ಹೊರಗೆ ಗುಳ್ಳಕಾಯಜ್ಜಿಯ ಮೂರ್ತಿಯಿದೆ. ಚಾವುಂಡರಾಯನ ಕೊಡಗಟ್ಟಲೆ ಹಾಲು ಮೂರ್ತಿಯ ತೊಡೆಯಿಂದ ಕೆಳಗಿಳಿಯದೆ ಹೋದಾಗ, ಬಡ ಮುದುಕಿಯೊಬ್ಬಳು ಗುಳ್ಳದ ಚಿಪ್ಪಿನಲ್ಲಿ ತಂದ ಹಾಲು ಅಡಿಯವರೆಗೂ ಹರಿಯಿತೆಂಬುದು ಕ್ಷೇತ್ರದ ಐತಿಹ್ಯ. ಮೇಲೇರಿದ ಯಾತ್ರಿಕರು ಆ ಅಜ್ಜಿಗೂ ಕೈಮುಗಿಯುತ್ತಾರೆ. ಕೆಳಗಿಳಿದ ಬಳಿಕ, ಊಟಕ್ಕೆ ಕೂರುವ ಮುನ್ನ, ಡೋಲಿಯವನನ್ನೂ ಚಾಲಕನನ್ನೂ ಊಟವಾಯಿತೇ ಎಂದು ವಿಚಾರಿಸುವುದನ್ನು ಯಾತ್ರೆಯ ನಿಯಮಗಳಲ್ಲಿ ಒಂದಾಗಿ ಸೇರಿಸಿಕೊಳ್ಳುವುದು ಶ್ರಾವಕ ಬಂಧುಗಳಿಗೆ ಕಠಿನವಾಗಲಾರದು.