ನಗು ನಮ್ಮದು, ಚಿತ್ರ ಯಾರದು?



ಚಿಕ್ಕಂದಿನಲ್ಲಿ ಓದಿದ ಕತೆಯ ಚಿತ್ರವೊಂದು ಕಣ್ಣಿಗೆ ಬಿದ್ದರೆ ನಾಲ್ಕು ಜನಕ್ಕೆ ತೋರಿಸಬೇಕೆನಿಸುತ್ತದೆ. ಮೊಬೈಲು ಬಂದ ಮೇಲೆ ಅದು ಬಹಳ ಸುಲಭವಾಗಿದೆ. 'ಚಂದಮಾಮ'ದ ವಿಕ್ರಮರಾಜ ಕತ್ತಿ ಹಿಡಿದು, ಹೆಗಲ ಮೇಲೆ ಶವ ಹೊತ್ತು ನಡೆಯುವ ಚಿತ್ರವನ್ನೇ ನೆನೆಸಿಕೊಳ್ಳಿ. ಆ ಬೇತಾಳನಿಗೆ 'ಮನೆ ಸಾಲದ ಕಂತು' ಎಂದು ಹೆಸರಿಟ್ಟು ಕಳಿಸಿದರೆ ಯಾರಿಗೆ ತಾನೇ ನಗು ಬಾರದು? ಇದರಲ್ಲಿ ತಪ್ಪೇನಿದೆ?

ನಗುವುದರಲ್ಲಿ ತಪ್ಪಿಲ್ಲ. ಪ್ರೀತಿಯಿದ್ದಲ್ಲಿ ಸಲಿಗೆಯಿರುತ್ತದೆ. ಕತೆ ಹೇಳುವ ಅಜ್ಜಿ ರಾಕ್ಷಸನ ಗೊರಕೆಯನ್ನು ಅಣಕಿಸಿ ಮಕ್ಕಳನ್ನು ನಗಿಸಿದರೆ ಕತೆಯ ಗೌರವವೇನೂ ಕಡಿಮೆಯಾಗುವುದಿಲ್ಲ. ಬೇತಾಳನ ಕತೆಯೂ ಯಾರೊಬ್ಬರ ಸೊತ್ತಲ್ಲ. 11ನೇ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಬರೆದ 'ಕಥಾಸರಿತ್ಸಾಗರ'ದಲ್ಲೇ ಅದಿದೆ.

ಆದರೆ ಚಿತ್ರ? ಅದನ್ನು ಬರೆದ ಕೈ ಒಂದೇ. ಕೆ.ಸಿ. ಶಿವಶಂಕರನ್, ಅಂದರೆ 'ಶಂಕರ್', 1952ರಲ್ಲಿ ಚಂದಮಾಮ ಸೇರಿ ದಶಕಗಳ ಕಾಲ ಬರೆದರು. 2020ರಲ್ಲಿ ತೀರಿಕೊಂಡರು, ಮರುವರ್ಷ ಪದ್ಮಶ್ರೀ ಬಂತು. ಚಿತ್ರ ನೋಡಿ ನಕ್ಕ ನಮ್ಮಲ್ಲಿ ಎಷ್ಟು ಮಂದಿಗೆ ಅವರ ಹೆಸರು ಗೊತ್ತು?

'ಅಮರ ಚಿತ್ರಕಥೆ'ಯ ಸಂಗತಿಯೂ ಹೀಗೆಯೇ. 1967ರಲ್ಲಿ ಅನಂತ ಪೈಯವರು ಅದನ್ನು ಇಂಗ್ಲಿಷಿನಲ್ಲಿ ಆರಂಭಿಸಿದ್ದು ಎಲ್ಲರಿಗೂ ತಿಳಿದಿದೆ. ಆದರೆ ಇಂಗ್ಲಿಷಿನ ಮೊದಲ ಪುಸ್ತಕದ ಸಂಖ್ಯೆ 11. ಮೊದಲ ಹತ್ತು 1965ರಲ್ಲಿ ಕನ್ನಡದಲ್ಲಿ ಬಂದಿದ್ದವು. ಅದಕ್ಕೆ ಕಾರಣರಾದವರು ಬೆಂಗಳೂರಿನ ಪುಸ್ತಕ ವ್ಯಾಪಾರಿ ಜಿ.ಕೆ. ಅನಂತರಾಮ್. ಅವರನ್ನು ನೆನೆಯುವವರು ಬೆರಳೆಣಿಕೆಯಷ್ಟು.

ದೊಡ್ಡಬಳ್ಳಾಪುರದ ಮಗ್ಗದ ಮನೆಗಳನ್ನು ಕಂಡವರಿಗೆ ಇದು ಬೇಗ ಅರ್ಥವಾದೀತು. ಮದುವೆ ಮನೆಯಲ್ಲಿ ಸೀರೆ ಮೆಚ್ಚಿದವರು ಕೇಳುವುದು ಅಂಗಡಿಯ ಹೆಸರನ್ನು. ನೇಯ್ದವನಿಗೆ ಕೂಲಿ ಸಿಕ್ಕಿರಬಹುದು, ಗುರುತು ಸಿಕ್ಕಿಲ್ಲ.

"ಬರೆದವರು ತೀರಿಕೊಂಡರು, ಯಾರಿಗೂ ನಷ್ಟವಿಲ್ಲವಲ್ಲ" ಎನ್ನಬಹುದು. ಆದರೆ ದುಡಿದವನು ಹೋದ ಮೇಲೆ ಉಳಿಯುವುದು ಹೆಸರೊಂದೇ. ಚಿತ್ರದ ಮೂಲೆಯ ಸಹಿಯನ್ನು ಕತ್ತರಿಸಿ ಕಳಿಸುವವನು ಆ ಕೊನೆಯ ಸೊತ್ತನ್ನೂ ಕಿತ್ತುಕೊಳ್ಳುತ್ತಾನೆ. ಕದಿಯಬಾರದೆಂಬ ಕಟ್ಟಳೆ ಹಣಕ್ಕೆ ಮಾತ್ರವೇ? ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ 57ನೇ ಕಲಮು ಸಹ, ಕೃತಿಯ ಹಕ್ಕನ್ನು ಮಾರಿದ ಮೇಲೂ 'ಇದು ನನ್ನದು' ಎನ್ನುವ ಅಧಿಕಾರವನ್ನು ಕರ್ತೃವಿಗೇ ಉಳಿಸಿದೆ.

ಇನ್ನೊಂದು ಎಚ್ಚರವೂ ಬೇಕು. ಕತೆಯ ರಾಕ್ಷಸನ ಮುಖಕ್ಕೆ ನೆರೆಮನೆಯವನ ಹೆಸರಿಟ್ಟರೆ, ಕುಳ್ಳನ ಚಿತ್ರಕ್ಕೆ ತರಗತಿಯ ಹುಡುಗನೊಬ್ಬನನ್ನು ಹೋಲಿಸಿದರೆ, ಅದು ಕತೆಯ ಮೇಲಿನ ಪ್ರೀತಿಯಲ್ಲ. ಆ ಹುಡುಗ ಮುಂದೆ ಆ ಕತೆಯನ್ನು ಸಂತೋಷದಿಂದ ಓದಿಯಾನೇ? ನಮಗೆ ಸುಖ ಕೊಟ್ಟ ಕತೆಯನ್ನೇ ನಾವು ಅವನಿಗೆ ಮುಳ್ಳಾಗಿಸಿದಂತಾಯಿತು.

ಆದ್ದರಿಂದ ಹಂಚುವುದನ್ನು ಬಿಡಬೇಡಿ. ಹಂಚದ ಕತೆ ಸಾಯುತ್ತದೆ. ಬರೆದವರ ಹೆಸರು ಗೊತ್ತಿದ್ದರೆ ಸೇರಿಸಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಹೇಳಿ, ನಿಮ್ಮದೆಂದು ತೋರಿಸಬೇಡಿ. ಆ ಕತೆ ನಿಮಗೇಕೆ ಪ್ರಿಯವಾಯಿತೆಂಬ ಒಂದು ಮಾತನ್ನೂ ಜೊತೆಗೆ ಬರೆಯಿರಿ. ಇಂದು ಸಂಜೆ ಮನೆಯ ಮಕ್ಕಳಿಗೆ ಅಂಥದೊಂದು ಚಿತ್ರ ತೋರಿಸುವಾಗ "ಇದನ್ನು ಬರೆದವರು ಶಂಕರ್ ಅಂತ, ಕಂದಾ" ಎಂದು ಹೇಳಿ. ಋಣ ತೀರಿಸುವುದನ್ನು ಮಕ್ಕಳು ಕಲಿಯುವುದು ಇಂಥ ಸಣ್ಣ ಮಾತಿನಿಂದಲೇ.