ತಿಪ್ಪಯ್ಯನೆಂಬ ಹೆಸರು

ಹೆಸರುಗಳ ಅರ್ಥ ಕೆದಕುವುದು ಕನ್ನಡ ಮೇಷ್ಟರಿಗೆ ಅಂಟಿದ ಚಟ. ಮೊನ್ನೆ ವಿದ್ಯಾರ್ಥಿಯೊಬ್ಬ ನನ್ನನ್ನೇ ಕೇಳಿದ: "ಸಾರ್, ನಿಮ್ಮ ಹೆಸರಿನ ಮುಂದಿರುವ 'ಟಿ' ಎಂದರೇನು?" "ಊರಿನ ಹೆಸರಪ್ಪ" ಎಂದುಬಿಟ್ಟೆ. ಅದು ಸುಳ್ಳು. ಆ 'ಟಿ' ನನ್ನ ತಂದೆ, ತಿಪ್ಪಯ್ಯ.

ಚಿತ್ರದುರ್ಗದ ಕಡೆ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಮೇಲಣ ಭಕ್ತಿಯಿಂದ ತಿಪ್ಪೇಸ್ವಾಮಿ ಎಂದು ಹೆಸರಿಡುವವರು ಬಹಳ ಮಂದಿ. ನಮ್ಮ ಮನೆಯ ಕಾರಣ ಬೇರೆ. ನನ್ನಜ್ಜಿಯ ಮೊದಲ ಮೂರು ಮಕ್ಕಳು ವರ್ಷ ತುಂಬುವುದರೊಳಗೆ ತೀರಿಹೋದವು. ನಾಲ್ಕನೆಯದು ಹುಟ್ಟಿದಾಗ ಅದನ್ನು ಹಿತ್ತಲ ತಿಪ್ಪೆಯ ಮೇಲೆ ಮಲಗಿಸಿ, ಯಾರೋ ಎಸೆದುಹೋದ ಕೂಸನ್ನು ಎತ್ತಿಕೊಳ್ಳುವಂತೆ ಎತ್ತಿ ಒಳಗೆ ತಂದರಂತೆ. ಇಷ್ಟು ಹೀನವಾದುದನ್ನು ಯಮನೂ ಮುಟ್ಟದಿರಲಿ ಎಂದು 'ತಿಪ್ಪ' ಎಂದು ಕರೆದರು. ಮಕ್ಕಳುಳಿಯದ ಮನೆಗಳಲ್ಲಿ ಇದು ಹಿಂದಿನಿಂದ ಬಂದ ರೂಢಿ.

ವಾಮನನ ಕಾವ್ಯಾಲಂಕಾರಸೂತ್ರಕ್ಕೆ 'ಕಾಮಧೇನು' ಎಂಬ ವ್ಯಾಖ್ಯಾನ ಬರೆದವನು 15ನೆಯ ಶತಮಾನದ ಗೋಪೇಂದ್ರ ತಿಪ್ಪಭೂಪಾಲ. ಸಂಸ್ಕೃತದಲ್ಲಿ ಅವನ ಹೆಸರು 'ತ್ರಿಪುರಹರ' ಎಂದಾಗಿದೆ. ಎಂ.ಎ. ಓದುವಾಗ ಇದು ಕಣ್ಣಿಗೆ ಬಿದ್ದು ನನಗಾದ ಹಿಗ್ಗು ಅಷ್ಟಿಷ್ಟಲ್ಲ. ರಜೆಗೆ ಊರಿಗೆ ಹೋದವನೇ, "ಅಪ್ಪಯ್ಯ, ನಿಮ್ಮ ಹೆಸರಿಗೆ ಶಿವನೆಂದು ಅರ್ಥ" ಎಂದೆ. ತಂದೆಯವರು ನಕ್ಕರು. "ನಮ್ಮವ್ವ ತಿಪ್ಪೆ ಎಂದೇ ಇಟ್ಟದ್ದು. ತಿಪ್ಪೆಯ ಗೊಬ್ಬರವಿಲ್ಲದೆ ನಮ್ಮ ಹೊಲದಲ್ಲಿ ರಾಗಿ ಬೆಳೆದದ್ದುಂಟೇನೋ?" ಎಂದರು. ನನ್ನ ಪಾಂಡಿತ್ಯ ಅಲ್ಲಿಗೆ ಮುಗಿಯಿತು. ನಾಚಿಕೆ ಮಾತ್ರ ಮುಗಿಯಲಿಲ್ಲ.

ನಾನು ತಂದೆಯಾದಾಗ ನಿಘಂಟು ತಿರುವಿಹಾಕಿ ಮಗನಿಗೆ 'ಅಜಿತ' ಎಂದು ಹೆಸರಿಟ್ಟೆ. ಅಜಿತನೆಂದರೆ ಸೋಲದವನು. ಹೋದ ತಿಂಗಳು ಆ ಹುಡುಗ ಗಣಿತದಲ್ಲಿ ನಪಾಸಾಗಿ ಬಂದ. "ಹೆಸರು ನೋಡಿದರೆ ಅಜಿತ!" ಎಂದು ನಾನೇ ಹಂಗಿಸಿದೆ. ಅವನು ತಲೆತಗ್ಗಿಸಿ ಒಳಗೆ ಹೋದ. ಅಂದು ರಾತ್ರಿ ನಿದ್ದೆ ಹತ್ತಲಿಲ್ಲ.

ಒಳ್ಳೆಯ ಅರ್ಥದ ಹೆಸರನ್ನು ನಾವು ಆಶೀರ್ವಾದವೆಂದು ತಿಳಿಯುತ್ತೇವೆ. ಆದರೆ ಅದರೊಳಗೆ ಒಂದು ಸಾಲಪತ್ರವೂ ಅಡಗಿರುತ್ತದೆ: ಮಗು ಗೆಲ್ಲಬೇಕು, ಬೆಳಗಬೇಕು, ಕೀರ್ತಿ ತರಬೇಕು. ಕೂಸು ರುಜು ಹಾಕದ ಈ ಪತ್ರವನ್ನು ಹಿಡಿದು ನಾವು ಬಡ್ಡಿ ಕೇಳುತ್ತೇವೆ. ಅಕ್ಷರ ಕಲಿಯದ ನನ್ನಜ್ಜಿ ಮಗನಿಂದ ಕೇಳಿದ್ದು ಒಂದೇ: ಬದುಕಿರು. ಅಷ್ಟಕ್ಕಾಗಿ ಆಕೆ, ಎಲ್ಲಕ್ಕಿಂತ ಪ್ರಿಯವಾದುದನ್ನು ಕಸವೆಂದು ಕರೆಯುವ ಸಂಕಟವನ್ನೂ ನುಂಗಿಕೊಂಡಳು. ಆ ಪ್ರೀತಿಯನ್ನು ನಾನು ಒಂದು ಅಕ್ಷರ, ಒಂದು ಚುಕ್ಕಿಯ ಹಿಂದೆ ಬಚ್ಚಿಟ್ಟುಕೊಂಡು ಬಂದೆ.

ನಾಳೆ ತರಗತಿಯಲ್ಲಿ ಆ ವಿದ್ಯಾರ್ಥಿಗೆ ನಿಜ ಹೇಳಬೇಕು. ಅದಕ್ಕೂ ಮೊದಲು, ಇವತ್ತು ರಾತ್ರಿ ಊಟಕ್ಕೆ ಕುಳಿತಾಗ ಮಗನಿಗೆ ಅವನ ತಾತನ ಹೆಸರಿನ ಕಥೆ ಹೇಳಬೇಕು.